ಎಲೆಯ ಮೇಲಿನ ಎರಡನೆಯ ಕೈ

ಬಾಗಿಲ ಮೇಲೆ ಮೂರು ಪೆಟ್ಟು ಬಿದ್ದವು. ಮೊದಲೆರಡು ಮೆಲ್ಲಗೆ, ಮೂರನೆಯದು ಕದವೇ ಅದುರುವಂತೆ. ನಾನು ಚಿಮಣಿ ದೀಪ ಹಿಡಿದು ಹೋಗಿ ಅಗಳಿ ತೆಗೆಯುವಷ್ಟರಲ್ಲಿ ಓಣಿ ಖಾಲಿಯಾಗಿತ್ತು. ಹೊಸ್ತಿಲ ಮೇಲೆ ಒದ್ದೆ ಗೋಣಿತಟ್ಟಿನ ತುಂಡೊಂದು ಸುರುಳಿ ಸುತ್ತಿಕೊಂಡು ಬಿದ್ದಿತ್ತು.

ಬಿಚ್ಚಿದೆ. ಒಳಗಿದ್ದದ್ದು ಒಂದೇ ಒಂದು ಅಲಸಂದೆ ಗಿಡ. ಬೇರಿಗೆ ಹತ್ತಿದ ಮಣ್ಣನ್ನು ಯಾರೋ ಕೂಸಿಗೆ ಎರೆದಷ್ಟು ಜೋಪಾನವಾಗಿ ತೊಳೆದಿದ್ದರು.

"ಯಾರದು?" ಎಂದ ನನ್ನ ಗಂಡ ಫಕೀರಪ್ಪ, ಹೊದಿಕೆಯೊಳಗಿನಿಂದಲೇ.

"ಯಾರೂ ಇಲ್ಲ."

"ಯಾರೂ ಇಲ್ಲದಾವ್ರು ಅಷ್ಟು ಜೋರ ಬಡೀತಾರೇನು?"

ನಾನು ದೀಪದ ಹತ್ತಿರ ಕುಳಿತು ಬೇರು ನೋಡಿದೆ. ಗಂಟುಗಳಿದ್ದವು, ಸಾಸಿವೆಯಷ್ಟು, ಎಣಿಸಬಹುದಾದಷ್ಟು. ಒಂದನ್ನು ಉಗುರಿನಿಂದ ಸೀಳಿದೆ. ಒಳಗೆ ಹಸುಗೂಸಿನ ಅಂಗಾಲಿನ ಬಣ್ಣ ಇರಬೇಕಿತ್ತು. ಇದ್ದದ್ದು ಹಳಸಿದ ಅನ್ನದ ಬಿಳುಪು. ಎಲೆಗಳು ಹಳದಿಗೆ ತಿರುಗಿದ್ದವು, ಮತ್ತು ಪ್ರತಿ ಎಲೆಯ ಮೇಲೂ ನನ್ನ ಅಂಗೈ ಇತ್ತು: ಆಯುಷ್ಯದ ಗೆರೆ, ಅದಕ್ಕೆ ಒರಗಿ ನಿಂತ ಗಿಡ್ಡ ಗೆರೆ, ಕಿರುಬೆರಳ ಬುಡದ ಮೂರು ಗೀರು.

ಅಂಗೈ ಇದ್ದುದರಲ್ಲಿ ಆಶ್ಚರ್ಯವಿಲ್ಲ. ಬೀಜವನ್ನು ಒದ್ದೆಯಾಗಿ ಮುಟ್ಟಿದ ಕೈಯ ಗೆರೆಗಳು ನಮ್ಮೂರಲ್ಲಿ ಎಲೆಯ ಮೇಲೆ ಮೂಡುತ್ತವೆ. ಒಣಗೈಯನ್ನು ಬೀಜ ನೆನಪಿಡುವುದಿಲ್ಲ. ಹೀಗಾಗಿ ಕದ್ದ ಬೀಜ ಕಳ್ಳನ ಹೊಲದಲ್ಲೇ ಎದ್ದು ನಿಂತು ಒಡೆಯನ ಕೈ ತೋರಿಸುತ್ತದೆ. ಹೆಣ್ಣು ನೋಡಲು ಬಂದವರು ಮೊದಲು ಹಿತ್ತಲಿಗೆ ಹೋಗಿ ಹೀರೆಯ ಎಲೆ ತಿರುವುತ್ತಾರೆ. ಬಳ್ಳಿ ಹುಡುಗಿಯದೋ ಅವಳ ಅವ್ವನದೋ ಎಂದು ಖಾತ್ರಿಯಾದ ಮೇಲೆಯೇ ಅವಲಕ್ಕಿಯ ತಟ್ಟೆಗೆ ಕೈಹಾಕುತ್ತಾರೆ. ಮುನಿಸಿಕೊಂಡ ಅತ್ತೆ ಸೊಸೆಯರ ಮನೆಯಲ್ಲಿ ಒಂದೇ ಪಾತಿಗೆ ಎರಡು ಬಗೆಯ ಮೆಂತ್ಯ ಏಳುತ್ತದೆ. ಕೊಯ್ಯುವಾಗ ಯಾರೂ ಒಬ್ಬರ ಸಾಲಿಗೆ ಇನ್ನೊಬ್ಬರು ಹೋಗುವುದಿಲ್ಲ.

ಅಲಸಂದೆ ಮಾತ್ರ ಇಡೀ ಊರಿನದು. ಅದರ ಬೀಜವನ್ನು ಒಬ್ಬಳೇ ಕಲಸಬೇಕು. ಹತ್ತು ಕೈ ಸೇರಿದರೆ ತಪ್ಪಿಗೆ ತಂದೆತಾಯಿ ಇರುವುದಿಲ್ಲ ಎಂದು ಹಿಂದಿನವರು ಮಾಡಿಟ್ಟ ಕಟ್ಟಳೆ. ಆ ಒಬ್ಬಳಿಗೆ ಬೀಜಗೈ ಎನ್ನುತ್ತಾರೆ. ಆರು ವರ್ಷದಿಂದ ಊರಿನ ಬೀಜಗೈ ನಾನು, ನೀಲಗಂಗವ್ವ. ಬೆಳೆ ಕೆಟ್ಟರೆ ಬೀಜಗೈಯ ಬಲಗೈಯನ್ನು ಚಾವಡಿಯ ಮುಂದೆ ಬಿಳಿ ಬಟ್ಟೆಯಲ್ಲಿ ಕಟ್ಟುತ್ತಾರೆ. ಮೂರು ಸುಗ್ಗಿಯವರೆಗೆ ಆ ಗಂಟು ಬಿಚ್ಚುವಂತಿಲ್ಲ. ಬೀಜದ ಮಾತು ಹಾಗಿರಲಿ, ಹಿಟ್ಟು ನಾದುವಂತಿಲ್ಲ, ಕೂಸಿಗೆ ಎರೆಯುವಂತಿಲ್ಲ, ಮದುಮಗಳಿಗೆ ಅರಿಶಿನ ಹಚ್ಚುವಂತಿಲ್ಲ. ಬಟ್ಟೆ ಬಿಚ್ಚಿದ ಮೇಲೂ 'ಕಟ್ಟಿದ ಕೈ' ಎಂಬ ಮಾತು ಸಾಯುವವರೆಗೆ ಬಿಚ್ಚುವುದಿಲ್ಲ.

ಬೆಳಗಾದರೆ ನನ್ನ ಕೈ ಕಟ್ಟುವವರಿದ್ದರು.

"ಕೈ ಕಟ್ಟಿದ್ರ ಮೂರು ವರ್ಷ ರೊಟ್ಟಿ ನಾನ ಬಡೀಬೇಕು," ಎಂದ ಫಕೀರಪ್ಪ ಎದ್ದು ಕುಳಿತು. "ಅದರ ಸಲುವಾಗಿಯಾದ್ರೂ ನೀ ಗೆಲ್ಲಬೇಕು ನೋಡ."

"ನಿಮ್ಮ ರೊಟ್ಟಿ ತಿನ್ನೋದಕ್ಕಿಂತ ಉಪವಾಸ ಪಾಡು," ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಬಂದದ್ದು ಸಿಟ್ಟು, ಒಲೆಯಲ್ಲಿ ಬೂದಿ ಮುಚ್ಚಿಟ್ಟ ಕೆಂಡದಂಥ, ನಲವತ್ತು ದಿನ ಹಳೆಯ ಸಿಟ್ಟು.

ಏಕೆಂದರೆ ನಾನು ಏನನ್ನೂ ತಪ್ಪಿಸಿರಲಿಲ್ಲ. ಬಿತ್ತನೆಗೆ ಹದಿನೈದು ದಿನ ಮೊದಲೇ ಕಳಿತ ಕೊಟ್ಟಿಗೆ ಗೊಬ್ಬರವನ್ನು ಹೊಲಕ್ಕೆ ಹರಡಿಸಿ ಕುಂಟೆ ಹೊಡೆಸಿದ್ದೆ. ಚೀಲದ ಗೊಬ್ಬರ, ಅಂದರೆ ಅಂಗಡಿಯ ರಸಗೊಬ್ಬರ, ಬೀಜದ ಸಾಲಿಗಿಂತ ನಾಲ್ಕು ಬೆರಳು ಆಳದಲ್ಲಿ, ಬೇರೆಯಾಗಿಯೇ ಬೀಳಬೇಕೆಂದು ಕೂರಿಗೆಯವರಿಗೆ ತಾಕೀತು ಮಾಡಿ, ಅವರ ಹಿಂದೆಯೇ ನಡೆದು ನೋಡಿದ್ದೆ. ಬೆಲ್ಲದ ನೀರನ್ನು ಕುದಿಸಿ, ಆರಿಸಿ, ಮೊಣಕೈ ಅದ್ದಿ ಪರೀಕ್ಷಿಸಿ, ಅದಕ್ಕೆ ಜೀವಾಣುವಿನ ಕರಿಪುಡಿ ಬೆರೆಸಿ, ಬೀಜದ ಒಂದೊಂದು ಕಾಳಿಗೂ ಕಾಡಿಗೆ ಹಚ್ಚಿದಂತೆ ಹಚ್ಚಿದ್ದೆ. ನೆರಳಿನಲ್ಲಿ ಗೋಣಿಯ ಮೇಲೆ ಒಣಗಿಸಿದ್ದೆ. ಆ ಪುಡಿಯಲ್ಲಿರುವುದು ಜೀವ. ಅದು ಬೇರಿನೊಳಗೆ ಹೊಕ್ಕು ಗಂಟು ಕಟ್ಟಿಕೊಂಡು, ಗಾಳಿಯಲ್ಲಿರುವ ಸಾರವನ್ನು ಎಳೆದು ಗಿಡಕ್ಕೆ ಉಣಿಸುತ್ತದೆ. ಬಿಸಿ ತಾಗಿದರೆ ಸಾಯುತ್ತದೆ, ಬಿಸಿಲಿಗೆ ಸಾಯುತ್ತದೆ, ಚೀಲದ ಗೊಬ್ಬರ ಮೈಗೆ ಸೋಕಿದರೆ ಉಪ್ಪು ಬಿದ್ದ ಬಸವನಹುಳುವಿನಂತೆ ಕರಗಿಹೋಗುತ್ತದೆ. ಕೊಟ್ಟಿಗೆಯದು, ಚೀಲದ್ದು, ಜೀವದ್ದು ಮೂರೂ ಬೇಕು. ಮೂರೂ ಸೇರಿದರೆ ಬೆಳೆ ಎದೆಯೆತ್ತರ. ಆದರೆ ಅವು ಮಣ್ಣಿನಲ್ಲಿ ತಮ್ಮ ತಮ್ಮ ಜಾಗದಲ್ಲಿ ಕೂತು ಸೇರಬೇಕು, ಗಡಿಗೆಯಲ್ಲಲ್ಲ.

ಇದನ್ನು ಹೇಳಿ ಹೇಳಿ ನನ್ನ ಬಾಯಿ ಬತ್ತಿತ್ತು. ಕೇಳಿದವರು ಕಡಿಮೆ. ಚಾವಡಿಯ ಹಿರಿಯ ದ್ಯಾವಪ್ಪ ಎಲ್ಲರೆದುರು, "ಮೂರೂ ಒಂದ ಗಡಿಗ್ಯಾಗ ಹಾಕಿ ತಿರುವಿದ್ರ ಒಂದು ಸುತ್ತಿನ ಕೆಲಸ ಉಳೀತಿತ್ತು, ಈಕಿಗೆ ಮಡಿ ಭಾಳ," ಎಂದು ನಗಿಸಿದ್ದ. ಅವನ ಸೊಸೆಯನ್ನು ಬೀಜಗೈ ಮಾಡಬೇಕೆಂಬ ಆಸೆ ಅವನಿಗೆ ಇದ್ದುದು ಊರಿಗೇ ಗೊತ್ತು. ಗೋದಾಮಿನ ರಾಚೋಟಿ, ಗೊಬ್ಬರದ ಚೀಲ ಇಳಿಸುತ್ತ, "ಹೌದ್ರಿ ಮತ್ತ," ಎಂದು ದನಿಗೂಡಿಸಿದ್ದ. ಆ ದಿನ ಕಟ್ಟೆಯ ಮೇಲೆ ಕುಳಿತವರಲ್ಲಿ ತಲೆಯಾಡಿಸದವರೇ ಇರಲಿಲ್ಲ.

ಕಲಸಿದ ದಿನ ಮಧ್ಯಾಹ್ನ ಮಳೆ ಬಂದು ಬಿತ್ತನೆ ಮರುದಿನ ಬೆಳಿಗ್ಗೆಗೆ ಹೋಯಿತು. ಒಣಗಿದ ಬೀಜವೆಲ್ಲ ಒಂದು ರಾತ್ರಿ ಗೋದಾಮಿನಲ್ಲಿ ಉಳಿಯಿತು. ಅಷ್ಟೇ. ತಿಂಗಳು ಕಳೆಯುವುದರೊಳಗೆ ಹೊಲಕ್ಕೆ ಹೊಲವೇ ಕಾಮಾಲೆ ಹಿಡಿದಂತೆ ಹಳದಿಯಾಯಿತು. 'ನೀಲಗಂಗವ್ವ ಬೆಲ್ಲದ ನೀರು ಆರಿಸಲಿಲ್ಲವಂತೆ, ಬಿಸಿಬಿಸಿಯೇ ಸುರಿದಳಂತೆ' ಎಂಬ ಮಾತು ಬಾವಿಕಟ್ಟೆಗೆ ಬಂತು. ಮೊದಲು ಯಾರು ಆಡಿದರೋ ತಿಳಿಯಲಿಲ್ಲ. ಆರು ವರ್ಷ ನನ್ನ ಕೈಯ ಅಲಸಂದೆ ಉಂಡವರು ನನ್ನನ್ನು ಕಂಡರೆ ಕೊಡ ಎತ್ತಿಕೊಂಡು ಹೊರಡತೊಡಗಿದರು.

ನನ್ನ ಮನೆಗೆ ಬಂದದ್ದು ಬಸಲಿಂಗವ್ವಾಯಿ ಒಬ್ಬಳೇ. ನನಗಿಂತ ಮೊದಲು ಮೂವತ್ತು ವರ್ಷ ಬೀಜಗೈಯಾಗಿದ್ದವಳು; ಪುಡಿ ಗಿಡಿ ಇಲ್ಲದ ಕಾಲದಲ್ಲಿ, ಹಳೆಯ ಅಲಸಂದೆ ಹೊಲದ ಮಣ್ಣನ್ನೇ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿ ಊರು ಸಾಕಿದವಳು. ಊರಿನ ಮಕ್ಕಳು ಅವಳ ಎಲೆ ನೋಡಿಯೇ ಕೈಗೆರೆ ಓದಲು ಕಲಿತಿದ್ದರು. ಈಗಲೂ ಸಂಜೆಯಾದರೆ ಬದುವಿನ ಮೇಲೆ ಹೋಗಿ ಒಂದೆರಡು ಎಲೆ ತಿರುವಿ, ಮಸುಕಾದ ಕಣ್ಣಿಗೆ ಹಿಡಿದು ನೋಡಿ, ಸುಮ್ಮನೆ ಹಿಂದಿರುಗುತ್ತಾಳೆ. ಚಹದ ಬಸಿ ಕೆಳಗಿಟ್ಟು ಅವಳೆಂದಳು: "ಸಿಟ್ಟು ಮಾಡಬ್ಯಾಡ ತಂಗಿ. ಕಟ್ಟಿಸಿಕೊಂಡು ಬಿಡು. ಮೂರು ಸುಗ್ಗಿ ಅಂದ್ರ ಏನು, ಕಣ್ಣು ಮುಚ್ಚಿ ತೆರ್ಯೂದ್ರಾಗ ಹೋಗ್ತಾವು."

"ತಪ್ಪು ಮಾಡದ ಕೈ ಯಾಕ ಕಟ್ಟಿಸಿಕೊಳ್ಳಲಿ ಆಯಿ?"

"ತಪ್ಪು ಮಾಡದ ಕೈ ಯಾವುದೈತಿ," ಎಂದು ಅವಳು ಎದ್ದು ಹೋದಳು.

ರಾತ್ರಿ ಬಾಗಿಲು ಬಡಿದು ಗಿಡ ಇಟ್ಟುಹೋದವರು ಯಾರೇ ಆಗಿರಲಿ, ನನಗೆ ಒಂದು ಬುದ್ಧಿ ಕೊಟ್ಟು ಹೋಗಿದ್ದರು. ಬೆಳಕು ಹರಿದ ಕೂಡಲೇ ಹಿತ್ತಲಿಗೆ ಹೋದೆ. ಕಲಸಿದ ದಿನವೇ ಗಡಿಗೆಯ ತಳದಲ್ಲಿ ಉಳಿದ ಹಿಡಿ ಬೀಜವನ್ನು ಚೆಲ್ಲಲು ಮನಸ್ಸಾಗದೆ ದನಕ್ಕೆ ಮೇವು ಹಾಕುವ ಗ್ವಾದಲಿಯ ಪಕ್ಕ ಊರಿದ್ದೆ. ಮಳೆಯಲ್ಲಿ ನೆನೆಯುತ್ತಲೇ ಊರಿದ್ದೆ. ಆಮೇಲೆ ಊರಿನ ದುಃಖದಲ್ಲಿ ಅದನ್ನು ಮರೆತೇಬಿಟ್ಟಿದ್ದೆ. ಈಗ ನೋಡಿದರೆ ಹನ್ನೊಂದು ಗಿಡ, ಒಂದೊಂದೂ ಕಡುಹಸಿರು. ಒಂದನ್ನು ಕಿತ್ತೆ. ಬೇರಿನ ತುಂಬ ಜೋಳದ ಕಾಳಿನಷ್ಟು ಗಂಟು. ಸೀಳಿದರೆ ಉಗುರು ಕೆಂಪಾಯಿತು.

ಅದೇ ಬೀಜ, ಅದೇ ಗಡಿಗೆ, ಅದೇ ಕೈ. ಗೋದಾಮಿಗೆ ಹೋಗದ್ದು ಬದುಕಿತ್ತು, ಹೋದದ್ದು ಸತ್ತಿತ್ತು.

ಎರಡೂ ಎಲೆಗಳನ್ನು ಬಿಸಿಲಿಗೆ ಹಿಡಿದೆ. ಹಿತ್ತಲಿನ ಎಲೆಯಲ್ಲಿ ನನ್ನ ಗೆರೆಗಳು ಮಾತ್ರ. ಹೊಲದ ಎಲೆಯಲ್ಲಿ ಅವುಗಳ ಅಡಿಯಲ್ಲಿ ಇನ್ನೇನೋ ಇತ್ತು. ಊರವರು ಅದನ್ನು ರೋಗದ ಬರೆ ಎಂದು ಬಿಟ್ಟಿದ್ದರು, ನಾನೂ ಬಿಟ್ಟಿದ್ದೆ. ಕಣ್ಣು ಕಿರಿದು ಮಾಡಿ ನೋಡಿದರೆ ಅದು ಗೆರೆ: ತೋರುಬೆರಳ ಬುಡದಿಂದ ಹೊರಟು, ಇರುವೆ ಸಾಲಿನಂತೆ ಸೊಟ್ಟಸೊಟ್ಟಗೆ ಹರಿದು, ನಡುವೆ ಒಡೆದು ಅಕ್ಕಿಕಾಳಿನಂಥ ಒಂದು ಕಣ್ಣು ಮಾಡಿಕೊಂಡು, ಮತ್ತೆ ಕೂಡಿ ಮುಂದೆ ಹೋಗಿತ್ತು. ಎಲ್ಲೋ ಕಂಡಂತಿತ್ತು, ಆದರೆ ನನ್ನ ಗೆರೆಗಳಲ್ಲಿ ಕಲಸಿಹೋಗಿ ಯಾರದೆಂದು ಹೊಳೆಯಲಿಲ್ಲ. ನನ್ನ ಕೈಯ ನಂತರ ಇನ್ನೊಂದು ಕೈ ನನ್ನ ಬೀಜವನ್ನು ಒದ್ದೆ ಮಾಡಿತ್ತು.

ನಾನು ನೆಟ್ಟಗೆ ಗೋದಾಮಿಗೆ ನಡೆದೆ. ರಾಚೋಟಿ ತಕ್ಕಡಿ ಒರೆಸುತ್ತಿದ್ದ. ನನ್ನನ್ನು ಕಂಡು ಒರೆಸುವುದನ್ನು ಜೋರು ಮಾಡಿದ.

"ಬೀಜ ಇಲ್ಲಿದ್ದ ರಾತ್ರಿ ಕೀಲಿ ಯಾರ ಕಡೆ ಇತ್ತೋ?"

"ನನ್ನ ಕಡೆ."

"ಬೆಳಗಿನ ತನಕಾನೂ?"

ಅವನು ತಕ್ಕಡಿಯ ಇನ್ನೊಂದು ತಟ್ಟೆಗೆ ಕೈಹಾಕಿದ. ನಾನು ಚೀಲಗಳ ಸಂದಿಯಲ್ಲಿ ನುಗ್ಗಿದೆ. ಮೂಲೆಯಲ್ಲಿ ಒಂದು ಕಬ್ಬಿಣದ ಬಕೇಟು ಬೋರಲು ಬಿದ್ದಿತ್ತು. ಎತ್ತಿ ನೋಡಿದರೆ ಒಳಗೆ ಸುತ್ತಲೂ ಬಿಳಿಯ ಹಕ್ಕಳೆ, ಗೊಬ್ಬರ ನೀರಿನಲ್ಲಿ ಕರಗಿ ಒಣಗಿದಾಗ ಕಟ್ಟುವ ಹಕ್ಕಳೆ. ಅದಕ್ಕೆ ಕಚ್ಚಿಕೊಂಡು ನಾಲ್ಕು ಅಲಸಂದೆ ಕಾಳು. ನನ್ನ ಕಾಡಿಗೆ ಹಚ್ಚಿದ ಕಾಳು. ಅಲ್ಲಿಗೆ ಎಲ್ಲ ತಿಳಿಯಿತು. ಯಾರೋ ಗೊಬ್ಬರದ ನೀರು ಮಾಡಿ, ರಾಶಿಗೆ ಚಿಮುಕಿಸಿ, ಕೈಯಾರೆ ಮತ್ತೊಮ್ಮೆ ಕಲಸಿದ್ದರು.

"ಇದೇನೋ ಇದು?"

"ಬಕೇಟು."

"ನಿನ್ನ ತಲಿ. ಊರಿನ ಬೀಜಕ್ಕ ವಿಷ ಎರೆದು ನನ್ನ ಕೈ ಕಟ್ಟಸಾಕ ಹೊಂಟೀರೇನು?"

ರಾಚೋಟಿ ತಲೆ ತಗ್ಗಿಸಿದ. "ಅಕ್ಕಾರ, ನನ್ನ ಬಾಯಿಮಾತು ಚಾವಡ್ಯಾಗ ನಡ್ಯಾಂಗಿಲ್ಲ, ನಿಮಗ ಗೊತ್ತೈತಿ. ನಾ ಹೇಳಿದ್ರ ನೀವೂ ನಂಬಾಂಗಿಲ್ಲ. ಎಲಿ ಕೇಳ್ರಿ."

"ಎಲಿಗೆ ಬಾಯಿ ಇದ್ದಿದ್ರ ನಿನ್ನಂಥಾವನ ಮುಂದ ಯಾಕ ನಿಲ್ತಿದ್ದೆ," ಎಂದು ಬಕೇಟು ಎತ್ತಿಕೊಂಡು ಹೊರಬಿದ್ದೆ.

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಚಾವಡಿಯಲ್ಲಿ ಎಲೆಯ ಸಾಕ್ಷಿ ನಡೆಯುತ್ತದೆ, ಕಂಡವರ ಸಾಕ್ಷಿ ನಡೆಯುವುದಿಲ್ಲ. ಎಲೆಯ ಮೇಲೆ ಯಾರ ಕೈ ಇದೆಯೋ ಅವರು ಮಾತ್ರ, ಅದೂ ಒಂದೇ ಸಲ, ಇನ್ನೊಬ್ಬರ ಹೆಸರು ಹೇಳಬಹುದು. ಹೆಸರು ತಪ್ಪಾದರೆ ಹೇಳಿದವಳ ಎರಡೂ ಕೈ ಕಟ್ಟುತ್ತಾರೆ. ಆದ್ದರಿಂದ ನಮ್ಮೂರಲ್ಲಿ ಹೆಸರು ಹೇಳಿದವರು ಕಡಿಮೆ, ನುಂಗಿಕೊಂಡವರು ಹೆಚ್ಚು.

ಚಾವಡಿ ತುಂಬಿತ್ತು. ಕಟ್ಟೆಯ ಮೇಲೆ ಐವರು ಹಿರಿಯರು: ನಡುವೆ ದ್ಯಾವಪ್ಪ, ಅವನ ಎಡಕ್ಕೆ ಗಾಣದ ಚನಬಸಪ್ಪ ಮತ್ತು ಎತ್ತಿನ ವೈದ್ಯ ಹುಸೇನಸಾಬ, ಬಲಕ್ಕೆ ಬಸಲಿಂಗವ್ವಾಯಿ ಮತ್ತು ಕುಂಬಾರ ನಿಂಗವ್ವ. ಮುಂದೆ ಅರಿಶಿನದ ನೀರಿನ ಪರಾತ, ಮಡಿಚಿಟ್ಟ ಬಿಳಿ ಬಟ್ಟೆ. ನಾನು ಎರಡು ಗಿಡ ಮತ್ತು ಬಕೇಟನ್ನು ಅವರ ಮುಂದಿಟ್ಟು, ಕಂಡದ್ದನ್ನೆಲ್ಲ ಹೇಳಿದೆ. ಹಿತ್ತಲಿನ ಗಂಟನ್ನು ಎಲ್ಲರ ಎದುರು ಸೀಳಿದೆ. ಹುಸೇನಸಾಬ ಮೂಗಿನ ಹತ್ತಿರ ಹಿಡಿದು ನೋಡಿ, "ರಕ್ತ ಐತಿ," ಎಂದ. ಹೊಲದ ಗಂಟು ಸೀಳಿದೆ. ಅವನು ಅದನ್ನು ಕೆಳಗಿಟ್ಟು ಬೆರಳು ಒರೆಸಿಕೊಂಡ.

"ಬಕೇಟು ಯಾರ ಮನ್ಯಾಗ ಇರಾಂಗಿಲ್ಲ?" ಎಂದ ದ್ಯಾವಪ್ಪ. "ಹಿತ್ತಲದಾಗ ಹತ್ತು ಗಿಡ ಚಂದ ಬೆಳೆಸಿದ್ರ ಹೊಲ ಹಳದಿ ಆಗಿದ್ದು ಸುಳ್ಳಾಗ್ತದೇನು? ಹೊತ್ತು ಏರ್ತು. ಮುಗಿಸೂಣು."

"ನಿಮಗ್ಯಾಕ ಅಷ್ಟು ಅವಸರ ದ್ಯಾವಪ್ಪಣ್ಣಾ? ಸೊಸಿಗೆ ಗಡಿಗಿ ತೊಳಿಸಿ ಇಟ್ಟೀರೇನು?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ದ್ಯಾವಪ್ಪನ ಮೀಸೆ ಅದುರಿತು. ನಾನು ರಾಚೋಟಿಯತ್ತ ತಿರುಗಿದೆ. "ಹೆಸರು ಹೇಳೂದಕ್ಕ ಮುಂಚೆ ಒಬ್ಬರ ಕೈ ನೋಡೂ ಹಕ್ಕು ನನಗೈತಿ. ರಾಚೋಟಿ, ಬಾ ಇಲ್ಲಿ. ಒತ್ತು."

ಅವನು ಮರುಮಾತಿಲ್ಲದೆ ಬಂದು, ಪರಾತದಲ್ಲಿ ಅಂಗೈ ಅದ್ದಿ, ಕಟ್ಟೆಯ ಕಲ್ಲಿನ ಮೇಲೆ ಒತ್ತಿದ. ಗೊಬ್ಬರ ತಿಂದ ಅಂಗೈ. ಬೇಸಗೆಯ ಕೆರೆಯಂಗಳದಂತೆ ತುಂಬ ಬಿರುಕು, ಗೆರೆಯೇ ಉಳಿದಿರಲಿಲ್ಲ. ಇರುವೆ ಸಾಲಿಲ್ಲ, ಅಕ್ಕಿಕಾಳಿನ ಕಣ್ಣಿಲ್ಲ. "ರಾಚೋಟಿ ಕೈಯಾಗ ಮದಲ ಮಳಿ ಆಗಬೇಕ್ರಿ," ಎಂದ ಒಬ್ಬ, ಜನ ನಕ್ಕಿತು. ನಾನು ಅವನ ಹೆಸರನ್ನು ನಾಲಗೆಯ ತುದಿಗೆ ತಂದುಕೊಂಡು ಬಂದಿದ್ದೆ.

ಕಲ್ಲಿನ ಮೇಲಿನ ಅರಿಶಿನವನ್ನು ಒರೆಸುತ್ತ ರಾಚೋಟಿ ನನಗಷ್ಟೇ ಕೇಳುವಂತೆ ಹೇಳಿದ: "ರಾತ್ರಿ ಬಾಗಿಲಾ ಬಡದಾಂವ ನಾನ ಅಕ್ಕಾರ. ಕೀಲಿ ಕೊಟ್ಟಾಂವನೂ ನಾನ. ಕೇಳಿದವರಿಗೆ ಇಲ್ಲ ಅನ್ನೂ ಬಾಯಿ ನನಗಿದ್ದಿಲ್ಲ."

"ಯಾರಿಗೆ?"

ಅವನು ಕಟ್ಟೆಯ ಕಡೆ ನೋಡಲೂ ಇಲ್ಲ, ನೋಡದೆ ಇರಲೂ ಆಗಲಿಲ್ಲ. ಹಿಂದೆ ಸರಿದು ಕಂಬಕ್ಕೆ ಒರಗಿದ.

"ಆತು, ನೋಡಿದಿಯಲ್ಲ," ಎಂದ ದ್ಯಾವಪ್ಪ. "ಬಟ್ಟಿ ತರ್ರಿ."

ಕಟ್ಟುವ ಬಟ್ಟೆಗೆ ಐವರೂ ಅರಿಶಿನದ ಕೈ ಒತ್ತಬೇಕು. ಐದು ಕೈ ಬೀಳದ ಬಟ್ಟೆ ಬರೀ ಚಿಂದಿ. ಬಟ್ಟೆಯನ್ನು ಐವರ ತೊಡೆಗಳ ಮೇಲೆ ಹಾಸಿದರು. ಪರಾತ ಆಚೀಚೆ ಹರಿದಾಡಿತು, ಐದು ಬಲಗೈಗಳು ಅದ್ದಿ ಒತ್ತಿದವು, ಒಬ್ಬರದರ ಮೇಲೆ ಇನ್ನೊಬ್ಬರ ತೋಳು ಹಾಯ್ದು ಯಾವುದು ಯಾರದೆಂದು ತಿಳಿಯದಂತಾಯಿತು. ಆಮೇಲೆ ಪದ್ಧತಿಯಂತೆ ಬಟ್ಟೆಯನ್ನು ನನ್ನ ಮುಂದೆ ನೆಲಕ್ಕೆ ಹಾಸಿದರು. ನಾನು ಬಗ್ಗಿ ಹಣೆ ಮುಟ್ಟಿಸಬೇಕು, ಎದ್ದು ಕೈ ಚಾಚಬೇಕು.

ನಾನು ಬಗ್ಗಿದೆ. ಬಗ್ಗಿದವಳು ಏಳಲಿಲ್ಲ.

ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ ಹೊಲದ ಎಲೆಯನ್ನು ಬಿಡಿಸಿ ಮೊದಲ ಕೈಯ ಪಕ್ಕ ಇಟ್ಟೆ. ಅಗಲವಾದ, ಒರಟಾದ ಕೈ. ಗೆರೆಗಳು ನೇಗಿಲು ಹೊಡೆದಂತೆ ನೇರ. ಅಲ್ಲ. ಎರಡನೆಯದರಲ್ಲಿ ಗೆರೆಗಿಂತ ಎಣ್ಣೆಯೇ ಹೆಚ್ಚು. ಅಲ್ಲ. "ಏನ್ ಮಾಡ್ತಿ?" ಎಂದಿತು ದ್ಯಾವಪ್ಪನ ದನಿ ಮೇಲಿನಿಂದ. ಮೂರನೆಯದರಲ್ಲಿ ತೋರುಬೆರಳೇ ಮೊಂಡು. ಅಲ್ಲ. ನಾಲ್ಕನೆಯ ಕೈಯ ಬಳಿಗೆ ಎಲೆಯನ್ನು ಸರಿಸಿದೆ. ತೋರುಬೆರಳ ಬುಡದಿಂದ ಹೊರಟ ಗೆರೆ ಅಲ್ಲಿ ಇರುವೆ ಸಾಲಿನಂತೆ ಸೊಟ್ಟಸೊಟ್ಟಗೆ ಹರಿದಿತ್ತು. ನಡುವೆ ಒಡೆದಿತ್ತು. ಒಡೆದಲ್ಲಿ ಒಂದು ಅಕ್ಕಿಕಾಳು.

ನಾನು ಎಲೆಯನ್ನು ಅದರ ಮೇಲೆಯೇ ಬಿಟ್ಟು ಎದ್ದು ನಿಂತೆ. ಮುಂದಿನ ಸಾಲಿನವರು ಬಗ್ಗಿ ನೋಡಿದರು, ಅವರ ಹಿಂದಿನವರು ಅವರ ಹೆಗಲ ಮೇಲಿನಿಂದ ನೋಡಿದರು. ಯಾರೂ ನಗಲಿಲ್ಲ. ಹುಸೇನಸಾಬ ಕಟ್ಟೆಯಿಂದ ಇಳಿದು ಬಂದು, ಎಲೆ ಎತ್ತಿ, ಬಟ್ಟೆ ನೋಡಿ, ಮತ್ತೆ ಎಲೆ ನೋಡಿ, ಅದನ್ನು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ನಿಂತ.

"ಯಾರ ಕೈ ಅಂತ ನೀನ ಹೇಳಬೇಕು," ಎಂದ ದ್ಯಾವಪ್ಪ. ಅವನ ದನಿಯಲ್ಲಿ ಅವಸರ ಹೋಗಿತ್ತು. "ಒಮ್ಮೆ ಮಾತ್ರ. ತಪ್ಪಿದ್ರ ಎರಡೂ ಕೈ."

ನಾನು ಐವರ ಕೈಗಳನ್ನು ನೋಡಿದೆ. ನಾಲ್ಕು ಕೈಗಳು ತೆರೆದಿದ್ದವು, ಅರಿಶಿನ ಆರಲೆಂದು. ಐದನೆಯದು ಮುಷ್ಟಿ ಕಟ್ಟಿತ್ತು, ಬೆರಳ ಸಂದಿಯಿಂದ ಹಳದಿ ನೀರು ಒಸರಿ ತೊಡೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಎಲೆಯ ಗೆರೆ ಎಲ್ಲಿ ಕಂಡದ್ದೆಂದು ಆಗ ಹೊಳೆಯಿತು: ಆರು ವರ್ಷದ ಹಿಂದಿನವರೆಗೆ ಊರಿನ ಅಲಸಂದೆಯ ಮೇಲೆಲ್ಲ ಅದೇ ಇತ್ತು.

ಆ ಕೈ ಒಂದು ರಾತ್ರಿ ನನ್ನ ಬೀಜವನ್ನು ಕಲಸಿತೆಂದು ನನಗೆ ಸಿಟ್ಟಿರಲಿಲ್ಲ. ಒಳ್ಳೆಯದಕ್ಕೆ ಒಳ್ಳೆಯದು ಕೂಡಿಸಿದರೆ ಇನ್ನೂ ಒಳ್ಳೆಯದಾದೀತು ಎಂದು ಈ ಊರಿನಲ್ಲಿ ಯಾರಿಗೂ ಅನ್ನಿಸಬಹುದು. ಎಲೆಯ ಮೇಲೆ ತನ್ನದೂ ಒಂದು ಗೆರೆ ಇರಲಿ ಎಂಬ ಆಸೆಯನ್ನೂ ಕ್ಷಮಿಸಬಹುದು; ಕೇಳಿದ್ದರೆ ನಾನೇ ಗಡಿಗೆಯನ್ನು ಮುಂದೆ ಸರಿಸಿ, ಅದ್ದು ಎನ್ನುತ್ತಿದ್ದೆ. ಆದರೆ ನಲವತ್ತು ದಿನ ಬೆಲ್ಲದ ನೀರು ಬಿಸಿಯಿತ್ತೆಂಬ ಮಾತು ಊರು ಸುತ್ತುತ್ತಿದ್ದಾಗ ಆ ಕೈ ಸುಮ್ಮನಿತ್ತು. ನನ್ನ ಮನೆಯ ಬಸಿ ಹಿಡಿದು ಕುಳಿತಾಗಲೂ ಸುಮ್ಮನಿತ್ತು. ಈಗ ಅದೇ ಕೈ ಅರಿಶಿನದಲ್ಲಿ ಅದ್ದಿ, ನನ್ನನ್ನು ಕಟ್ಟುವ ಬಟ್ಟೆಗೆ ತಾನೇ ಮುದ್ರೆ ಒತ್ತಿತ್ತು. ಅದಕ್ಕೆ ನನ್ನ ಬಳಿ ಕ್ಷಮೆ ಇರಲಿಲ್ಲ.

ನಾನು ಎಲೆಯನ್ನು ಎತ್ತಿ ಹಿಡಿದು, ಚಾವಡಿಯ ಕೊನೆಯ ಸಾಲಿಗೂ ಕೇಳುವಂತೆ ಹೇಳಿದೆ:

"ಬಸಲಿಂಗವ್ವಾಯಿ."